ಮೊಟ್ಟೆ ಪೆಟ್ಟಿಗೆ ಇಡುವ ಸಮಯ: ಕೋಳಿಗೂಡಿನ ದೋಷ ಪತ್ತೆ ಮತ್ತು ನಿವಾರಣೆ

ಪೆಟ್ಟಿಗೆಯನ್ನು ಅಳತೆ ನೋಡಿ ಮಾಡಿಸಿ, ಒಳಗೆ ಒಣಹುಲ್ಲು ಹಾಸಿ, ಗೂಡಿನಲ್ಲಿ ಇಟ್ಟಾಗಿದೆ. ಆದರೂ ಮೊಟ್ಟೆ ಸಿಗುವುದು ನೀರಿನ ತಟ್ಟೆಯ ಹಿಂದಿನ ಮೂಲೆಯಲ್ಲಿ. ಪೆಟ್ಟಿಗೆಯೊಳಗೆ ಇಣುಕಿದರೆ ಮೊಟ್ಟೆಯ ಬದಲು ಹಿಕ್ಕೆ. ಮನೆಯ ಹಿತ್ತಿಲಿನಲ್ಲಿ ಮೊದಲ ಬಾರಿಗೆ ಕೋಳಿ ಸಾಕುವವರಲ್ಲಿ ಹೆಚ್ಚಿನವರು ಈ ಎರಡರಲ್ಲಿ ಒಂದು ತೊಂದರೆಯನ್ನಾದರೂ ಎದುರಿಸುತ್ತಾರೆ, ಮತ್ತು ತಕ್ಷಣ ಪೆಟ್ಟಿಗೆಯ ಅಳತೆ, ಮರ, ಹಾಸು ಇವುಗಳಲ್ಲಿ ತಪ್ಪು ಹುಡುಕುತ್ತಾರೆ. ನನ್ನ ಅನುಭವದಲ್ಲಿ ತಪ್ಪು ಬಹುಪಾಲು ದಿನಾಂಕದಲ್ಲಿ ಇರುತ್ತದೆ. ಬೇಗ ಇಟ್ಟ ಪೆಟ್ಟಿಗೆ ಮಲಗುವ ಕೋಣೆಯಾಗುತ್ತದೆ, ತಡವಾಗಿ ಇಟ್ಟ ಪೆಟ್ಟಿಗೆ ಯಾರೂ ಕಣ್ಣೆತ್ತಿ ನೋಡದ ವಸ್ತುವಾಗುತ್ತದೆ. ಆದ್ದರಿಂದ ಈ ಕೈಪಿಡಿಯು ಸಮಯದಿಂದ ಶುರುವಾಗುತ್ತದೆ; ಸಮಯ ಸರಿಯಿದ್ದೂ ದೋಷ ಉಳಿದರೆ ಮಾತ್ರ ಉಳಿದ ಕಾರಣಗಳ ಕಡೆಗೆ ಹೋಗುತ್ತದೆ.

ಮೊದಲು ನೋಡಬೇಕಾದದ್ದು: ಮೊಟ್ಟೆ ಎಲ್ಲಿ ಬಿದ್ದಿದೆ

ಏನನ್ನೂ ಬದಲಿಸುವ ಮೊದಲು ನಾಲ್ಕೈದು ದಿನ ಸುಮ್ಮನೆ ಗಮನಿಸಿ, ಯಾವ ಹೊತ್ತಿಗೆ ಯಾವ ಜಾಗದಲ್ಲಿ ಮೊಟ್ಟೆ ಸಿಕ್ಕಿತೆಂದು ಒಂದು ಚೀಟಿಯಲ್ಲಿ ಬರೆದಿಡಿ. ಜಾಗವೇ ಅರ್ಧ ಕಾರಣವನ್ನು ಹೇಳಿಬಿಡುತ್ತದೆ. ನೆಲದ ಮೂಲೆಯಲ್ಲಿ, ಹಾಸನ್ನು ಕೆದಕಿ ಬಟ್ಟಲಿನಂತೆ ಗುಳಿ ಮಾಡಿದ ಜಾಗದಲ್ಲಿ ದಿನವೂ ಮೊಟ್ಟೆ ಸಿಗುತ್ತಿದ್ದರೆ ಹೇಂಟೆ ಆ ಜಾಗವನ್ನು ಬೇಕೆಂದೇ ಆರಿಸಿಕೊಂಡಿದೆ ಎಂದರ್ಥ. ಪೆಟ್ಟಿಗೆ ತಡವಾಗಿ ಬಂದಿರಬೇಕು, ಇಲ್ಲವೇ ಮೂಲೆಯಲ್ಲಿರುವ ಯಾವುದೋ ಒಂದು ಗುಣ ಪೆಟ್ಟಿಗೆಯಲ್ಲಿ ಇರಲಿಕ್ಕಿಲ್ಲ. ಪೆಟ್ಟಿಗೆಯ ಬಾಗಿಲ ಮುಂದೆಯೇ, ಯಾವ ಗುಳಿಯೂ ಇಲ್ಲದ ಜಾಗದಲ್ಲಿ ಬಿದ್ದಿದ್ದರೆ ಹೇಂಟೆ ಒಳಹೋಗಲು ಬಂದು, ಹೋಗಲಾರದೆ ಅಲ್ಲೇ ಇಟ್ಟಿದೆ: ಒಳಗೆ ಬೇರೊಂದು ಕೋಳಿ ಕುಳಿತಿತ್ತು, ಅಥವಾ ಹತ್ತಲು ಆಸರೆ ಸಾಲಲಿಲ್ಲ.

ರಾತ್ರಿ ಕೋಳಿಗಳು ಕೂರುವ ಅಡ್ಡಗೋಲಿನ ಕೆಳಗೆ, ಒಡೆದೋ ಅಪ್ಪಚ್ಚಿಯಾಗಿಯೋ ಸಿಗುವ ಮೊಟ್ಟೆಯ ಕಥೆ ಬೇರೆ. ಅದನ್ನು ಬೆರಳಿನಿಂದ ಎತ್ತಿ ನೋಡಿ. ಚಿಪ್ಪಿಲ್ಲದೆ ತೆಳ್ಳನೆಯ ತೊಗಲಿನ ಚೀಲದಂತೆ ಜೋತುಬಿದ್ದರೆ ಅದಕ್ಕೂ ಪೆಟ್ಟಿಗೆಗೂ ಸಂಬಂಧವಿಲ್ಲ. ಆಗತಾನೇ ಮೊಟ್ಟೆಗೆ ಬಂದ ಎಳೆಯ ಹೇಂಟೆಗಳು ಮೊದಲ ಕೆಲವು ವಾರ ಇಂತಹ ಮೊಟ್ಟೆಗಳನ್ನು ಕೂತ ಕೋಲಿನಿಂದಲೇ ಬೀಳಿಸುವುದುಂಟು. ತಿಂಗಳು ಕಳೆದರೂ ಇದು ನಿಲ್ಲದಿದ್ದರೆ ಮೇವಿನ ಸುಣ್ಣದಂಶವನ್ನು ನೋಡಬೇಕು, ಆ ವಿಷಯ ಮುಂದೆ ಬರುತ್ತದೆ.

ಬೇಗ ಇಟ್ಟದ್ದರ ದೋಷ

ನಾನು ಮೊದಲ ಸಲ ಆರು ಮರಿಗಳನ್ನು ತಂದಾಗ ಅವಕ್ಕೆ ಎಂಟು ವಾರ ತುಂಬುವ ಮೊದಲೇ ಪೆಟ್ಟಿಗೆಗಳನ್ನು ಗೂಡಿಗೆ ಹೊಂದಿಸಿ ಹೆಮ್ಮೆಪಟ್ಟಿದ್ದೆ. ಮರಿಗಳಿಗೂ ಅವು ಬಹಳ ಹಿಡಿಸಿದವು. ಮೂರು ಕಡೆ ಗೋಡೆ, ಕತ್ತಲೆ, ಮೆತ್ತನೆಯ ಹಾಸು: ಮಲಗಲು ಇದಕ್ಕಿಂತ ಒಳ್ಳೆಯ ಜಾಗ ಗೂಡಿನಲ್ಲಿ ಬೇರೆ ಇರಲಿಲ್ಲ. ಕೋಳಿಯ ಹಿಕ್ಕೆಯಲ್ಲಿ ದೊಡ್ಡ ಪಾಲು ರಾತ್ರಿ ಕೂತಲ್ಲೇ ಬೀಳುತ್ತದೆ. ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆಗೆದರೆ ಹುಲ್ಲಿನ ಮೇಲೆ ಗಟ್ಟಿಯಾದ ಒಂದು ಪದರವೇ ಕೂತಿರುತ್ತಿತ್ತು, ಮೂಗಿಗೆ ಅಮೋನಿಯದ ಘಾಟು ಬಡಿಯುತ್ತಿತ್ತು. ನಾಲ್ಕು ತಿಂಗಳ ನಂತರ ಮೊಟ್ಟೆ ಶುರುವಾದಾಗ ಅವು ಹಿಕ್ಕೆ ಮೆತ್ತಿಕೊಂಡೇ ಹೊರಬಂದವು.

ಬೇಗ ಇಟ್ಟದ್ದೇ ದೋಷ ಎಂದು ಖಚಿತಪಡಿಸಿಕೊಳ್ಳಲು ಕತ್ತಲಾದ ಅರ್ಧ ಗಂಟೆಯ ಮೇಲೆ ಟಾರ್ಚ್ ಹಿಡಿದು ಗೂಡಿಗೆ ಹೋಗಿ. ಕೋಳಿಗಳು ಪೆಟ್ಟಿಗೆಯೊಳಗೆ ಅಥವಾ ಅದರ ಅಂಚಿನ ಮೇಲೆ ಮಲಗಿದ್ದರೆ ಉತ್ತರ ಸಿಕ್ಕಂತಾಯಿತು. ಇನ್ನೂ ಮೊಟ್ಟೆಗೆ ಬಾರದ ಯಾಟೆಗಳಾದರೆ ಪೆಟ್ಟಿಗೆಯನ್ನು ಪೂರ್ತಿ ತೆಗೆದುಬಿಡುವುದೇ ಸುಲಭ. ತೆಗೆಯಲಾಗದಂತೆ ಗೂಡಿನ ಗೋಡೆಗೇ ಜೋಡಿಸಿದ್ದರೆ ಬಾಯಿಗೆ ಹಲಗೆ ಬಡಿದು ಮುಚ್ಚಿ. ಈಗಾಗಲೇ ಮೊಟ್ಟೆ ಇಡುತ್ತಿರುವ ಹೇಂಟೆಗಳಾದರೆ ಸಂಜೆ ಕೊನೆಯ ಮೊಟ್ಟೆ ತೆಗೆದ ಮೇಲೆ ಬಾಯಿ ಮುಚ್ಚಿ, ಕೋಳಿಗಳೆಲ್ಲ ಕೋಲಿನ ಮೇಲೆ ಕೂತು ಪೂರ್ತಿ ಕತ್ತಲಾದ ನಂತರ ಮತ್ತೆ ತೆರೆಯಬೇಕು, ಏಕೆಂದರೆ ಕತ್ತಲಲ್ಲಿ ಕಣ್ಣು ಕಾಣದ ಕೋಳಿ ಒಮ್ಮೆ ಕೂತ ಜಾಗದಿಂದ ಕದಲುವುದಿಲ್ಲ, ಆದರೆ ನಸುಕಿನಲ್ಲೇ ಮೊಟ್ಟೆ ಇಡಲು ಇಳಿಯುವ ಹೇಂಟೆಗೆ ಬಾಗಿಲು ತೆರೆದಿರಬೇಕು. ಸುಮಾರು ಒಂದೆರಡು ವಾರ ಬಿಡದೆ ಹೀಗೆ ಮಾಡಿದರೆ ಅಭ್ಯಾಸ ತಪ್ಪುತ್ತದೆ.

ಅದರ ಜೊತೆಗೆ ಎತ್ತರವನ್ನೂ ಅಳೆದು ನೋಡಿ. ಕೋಳಿಯು ರಾತ್ರಿಗೆ ಗೂಡಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗವನ್ನು ಹುಡುಕುತ್ತದೆ. ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿ ಇಂದಿಗೂ ರಾತ್ರಿ ಮರವೇರಿ ಮಲಗುತ್ತದೆ, ಮೊಟ್ಟೆಯನ್ನು ಮಾತ್ರ ಪೊದೆಯ ಮರೆಯಲ್ಲಿ ನೆಲ ಕೆದಕಿ ಇಡುತ್ತದೆ. ಗೂಡಿನೊಳಗೂ ಇದೇ ಕ್ರಮ ಇರಬೇಕು, ಅಂದರೆ ಅಡ್ಡಗೋಲು ಮೇಲೆ, ಪೆಟ್ಟಿಗೆ ಕೆಳಗೆ. ಪೆಟ್ಟಿಗೆಯ ತಳ ನೆಲದಿಂದ ಒಂದೂವರೆ ಅಡಿಯಲ್ಲಿದ್ದರೆ ಕೋಲು ಅದಕ್ಕಿಂತ ಒಂದಡಿಯಾದರೂ ಮೇಲಿರಲಿ. ಪೆಟ್ಟಿಗೆಯ ಮೇಲ್ಭಾಗ ಚಪ್ಪಟೆಯಾಗಿದ್ದರೆ ಅದೂ ಕೂರುವ ಜಾಗವಾಗುವುದರಿಂದ ಸುಮಾರು 45 ಡಿಗ್ರಿ ಇಳಿಜಾರಿನ ಹಲಗೆ ಹೊಡೆಯುವುದು ಒಳ್ಳೆಯದು.

ಸರಿಯಾದ ಹೊತ್ತು: ವಾರದ ಲೆಕ್ಕ ಮತ್ತು ಮೈಯ ಗುರುತು

ಹಾಗಾದರೆ ಪೆಟ್ಟಿಗೆಯನ್ನು ಯಾವಾಗ ಇಡಬೇಕು? ಮೊದಲ ಮೊಟ್ಟೆಗೆ ಎರಡು ಮೂರು ವಾರ ಮೊದಲು ಎಂಬುದು ನೇರ ಉತ್ತರ. ಮೊದಲ ಮೊಟ್ಟೆ ಎಂದು ಬರುತ್ತದೆ ಎಂಬುದನ್ನು ತಿಳಿಯುವುದೇ ಕಷ್ಟದ ಭಾಗ. ಲೆಗ್‌ಹಾರ್ನ್‌ನಂತಹ ಹಗುರ ತಳಿಗಳೂ ಮೊಟ್ಟೆಗೆಂದೇ ಬೆಳೆಸಿದ ಮಿಶ್ರತಳಿಗಳೂ ಸಾಮಾನ್ಯವಾಗಿ 18ರಿಂದ 20 ವಾರಕ್ಕೆ ಮೊಟ್ಟೆಗೆ ಬರುತ್ತವೆ, ಆದ್ದರಿಂದ ಅವುಗಳಿಗೆ 16ನೇ ವಾರದ ಹೊತ್ತಿಗೆ ಪೆಟ್ಟಿಗೆ ಸಿದ್ಧವಿರಬೇಕು. ಬ್ರಹ್ಮದಂತಹ ಭಾರಿ ತಳಿಗಳು 24 ವಾರ ದಾಟಿ, ಕೆಲವೊಮ್ಮೆ ಏಳು ತಿಂಗಳವರೆಗೂ ಕಾಯಿಸುತ್ತವೆ. ಅವುಗಳಿಗೂ 16ನೇ ವಾರಕ್ಕೇ ಪೆಟ್ಟಿಗೆ ಇಟ್ಟರೆ ಮೇಲೆ ಹೇಳಿದ ದೋಷವೇ ಮರುಕಳಿಸುತ್ತದೆ. ಹಗಲಿನ ಉದ್ದವೂ ಇದರಲ್ಲಿ ಕೈಯಾಡಿಸುತ್ತದೆ. ಮೊಟ್ಟೆಯ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಅನುಕೂಲ; ಹಗಲು ಕುಗ್ಗುತ್ತಿರುವ ತಿಂಗಳುಗಳಲ್ಲಿ ವಯಸ್ಸಿಗೆ ಬಂದ ಯಾಟೆ ವಾರ ತುಂಬಿದರೂ ಮೊಟ್ಟೆ ಇಡದೆ ದಿನ ದೂಡಬಹುದು.

ಈ ಕಾರಣಕ್ಕೆ ವಾರದ ಲೆಕ್ಕಕ್ಕಿಂತ ಕೋಳಿಯ ಮೈಯನ್ನು ನಂಬುವುದು ಮೇಲು. ಮೊದಲು ಬದಲಾಗುವುದು ಜುಟ್ಟು ಮತ್ತು ಗದ್ದದ ಜೋಲು: ತಿಳಿ ಗುಲಾಬಿ ಬಣ್ಣದಲ್ಲಿ ಒಣಗಿದಂತಿದ್ದವು ಊದಿಕೊಂಡು, ಹೊಳಪೇರಿ, ಕಡುಗೆಂಪಾಗುತ್ತವೆ. ದೊಡ್ಡ ಜುಟ್ಟಿನ ತಳಿಗಳಲ್ಲಿ ಇದು ದೂರದಿಂದಲೇ ಕಾಣುತ್ತದೆ, ಬ್ರಹ್ಮದಂತೆ ಜುಟ್ಟು ಚಿಕ್ಕದಾಗಿರುವ ತಳಿಗಳಲ್ಲಿ ಮೋಸ ಹೋಗುವುದುಂಟು. ಎರಡನೆಯದು ಕುಸಿದು ಕೂರುವುದು. ನೀವು ಬೆನ್ನಿನ ಮೇಲೆ ಕೈ ಚಾಚಿದೊಡನೆ ಓಡಿಹೋಗುತ್ತಿದ್ದ ಯಾಟೆ ಒಂದು ದಿನ ಓಡದೆ, ರೆಕ್ಕೆಗಳನ್ನು ತುಸು ಅಗಲಿಸಿ, ಬೆನ್ನು ಚಪ್ಪಟೆ ಮಾಡಿ ನೆಲಕ್ಕೆ ಅವುಚಿಕೊಳ್ಳುತ್ತದೆ. ಹುಂಜವನ್ನು ಒಪ್ಪಿಕೊಳ್ಳುವ ಭಂಗಿ ಇದು. ಹುಂಜವಿಲ್ಲದ ಗೂಡಿನಲ್ಲಿ ಸಾಕುವವನ ಕೈಗೇ ಆ ಮರ್ಯಾದೆ ಸಲ್ಲುತ್ತದೆ. ಇದು ಕಂಡ ಮೇಲೆ ಮೊಟ್ಟೆಗೆ ಉಳಿದಿರುವುದು ಬಹುಮಟ್ಟಿಗೆ ಕೆಲವು ದಿನಗಳು, ಹೆಚ್ಚೆಂದರೆ ಒಂದೆರಡು ವಾರ.

ಮೂರನೆಯ ಪರೀಕ್ಷೆಗೆ ಕೋಳಿಯನ್ನು ಕೈಗೆತ್ತಿಕೊಳ್ಳಬೇಕು. ಅದರ ತಲೆ ನಿಮ್ಮ ಮೊಣಕೈ ಕಡೆಗಿರುವಂತೆ ಕಂಕುಳಿನಲ್ಲಿ ಅವುಚಿ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಬಾಲದ ಕೆಳಗೆ, ಗುದದ್ವಾರದ ಎರಡೂ ಬದಿಗೆ ಮೆಲ್ಲಗೆ ಒತ್ತಿ ನೋಡಿ. ಅಲ್ಲಿ ಚೂಪಾದ ಎರಡು ಎಲುಬಿನ ತುದಿಗಳು ತಾಗುತ್ತವೆ. ಅವುಗಳ ನಡುವೆ ಒಂದು ಬೆರಳು ಮಾತ್ರ ಹಿಡಿಸಿದರೆ ಇನ್ನೂ ಕಾಲವಿದೆ. ಎರಡು ಬೆರಳು ಹಿಡಿಸಿದರೆ ಅಂದೇ ಪೆಟ್ಟಿಗೆ ಇಡಿ. ಮೂರು ಬೆರಳು ಸಲೀಸಾಗಿ ಹಿಡಿಸಿ, ಗುದದ್ವಾರ ಅಗಲವಾಗಿ ತೇವದಿಂದ ಕೂಡಿದ್ದರೆ ಆ ಹೇಂಟೆ ಈಗಾಗಲೇ ಮೊಟ್ಟೆ ಇಡುತ್ತಿದೆ, ನೀವು ಹುಡುಕಬೇಕಾದದ್ದು ಅದರ ಗುಟ್ಟಿನ ಜಾಗವನ್ನು. ಒಂದೇ ದಿನ ಹುಟ್ಟಿದ ಮರಿಗಳೂ ಒಂದೇ ದಿನ ಮೊಟ್ಟೆಗೆ ಬರುವುದಿಲ್ಲವಾದ್ದರಿಂದ, ಹಿಂಡಿನಲ್ಲಿ ಎಲ್ಲಕ್ಕಿಂತ ಮುಂದಿರುವ ಯಾಟೆಯನ್ನು ನೋಡಿ ದಿನ ಗೊತ್ತುಮಾಡಬೇಕು.

ತಡವಾಗಿ ಇಟ್ಟದ್ದರ ದೋಷ

ಬೇಗ ಇಟ್ಟರೆ ಗಲೀಜು ಮಾತ್ರ, ತಡವಾದರೆ ಅಭ್ಯಾಸವೇ ಕೆಡುತ್ತದೆ. ಎರಡರಲ್ಲಿ ತಿದ್ದಲು ಕಷ್ಟವಾದದ್ದು ಇದು. ಹೇಂಟೆಯ ಮೈಯೊಳಗೆ ಒಂದು ಮೊಟ್ಟೆ ರೂಪುಗೊಳ್ಳಲು 24ರಿಂದ 26 ಗಂಟೆ ಹಿಡಿಯುತ್ತದೆ, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಗೂಡು ಹುಡುಕುವ ತುಡಿತವನ್ನು ಹುಟ್ಟಿಸುವುದು ಹೊರಬರಲಿರುವ ಮೊಟ್ಟೆಯ ಭಾರ ಎಂದು ನಮಗೆ ಅನ್ನಿಸಬಹುದು, ಆದರೆ ಹಿಂದಿನ ದಿನ ಹಳದಿಯುಂಡೆ ಅಂಡಾಶಯದಿಂದ ಬಿಡಿಸಿಕೊಂಡು ಹೋದಾಗ ಅಲ್ಲಿ ಉಳಿದ ಖಾಲಿ ಕೋಶದ ಹಾರ್ಮೋನುಗಳು ಆ ತುಡಿತಕ್ಕೆ ಕಾರಣ. ಅಂದರೆ ಮೊಟ್ಟೆ ಇಡುವ ಹೊತ್ತು ನಿನ್ನೆಯೇ ನಿಗದಿಯಾಗಿರುತ್ತದೆ. ಆ ಹೊತ್ತಿಗೆ ಹೇಂಟೆ ಚಡಪಡಿಸುತ್ತದೆ, ಮೂಲೆ ಮೂಲೆ ಇಣುಕುತ್ತದೆ, ರಾಗ ಎಳೆದು ಕೂಗುತ್ತದೆ, ಸಿಕ್ಕ ಮರೆಯಲ್ಲಿ ಕೂರುತ್ತದೆ. ಅಂದು ಪೆಟ್ಟಿಗೆ ಇಲ್ಲದಿದ್ದರೆ ನೀರಿನ ತಟ್ಟೆಯ ಹಿಂದಿನ ಮೂಲೆಯೇ ಸೈ, ಮರುದಿನವೂ ಅಲ್ಲಿಗೇ ಹೋಗುತ್ತದೆ, ಅಲ್ಲಿ ಬಿದ್ದ ಮೊಟ್ಟೆಯನ್ನು ಕಂಡ ಉಳಿದ ಯಾಟೆಗಳೂ ಅದೇ ಜಾಗವನ್ನು ನಂಬುತ್ತವೆ.

ನಿವಾರಣೆಗೆ ಮೂರು ಕೆಲಸಗಳು ಒಟ್ಟಿಗೆ ನಡೆಯಬೇಕು. ನೆಲದ ಮೊಟ್ಟೆಯನ್ನು ಕಂಡ ಕೂಡಲೇ ತೆಗೆದು, ಗುಳಿಯನ್ನು ಮಟ್ಟಮಾಡಿ, ಆ ಮೂಲೆಯಲ್ಲಿ ದೊಡ್ಡ ಕಲ್ಲನ್ನೋ ಮೇವಿನ ಬುಟ್ಟಿಯನ್ನೋ ಇಟ್ಟು ಕೂರಲು ಎಡೆಯಿಲ್ಲದಂತೆ ಮಾಡಿ. ಪೆಟ್ಟಿಗೆಯೊಳಗೆ ಹುಸಿ ಮೊಟ್ಟೆ ಇಡಿ. ಮರದ್ದೋ ಪಿಂಗಾಣಿಯದ್ದೋ ಆದರೆ ಸರಿ, ಗಾಲ್ಫ್ ಚೆಂಡೂ ಆದೀತು, ಆದರೆ ಟೇಬಲ್ ಟೆನಿಸ್ ಚೆಂಡು ತೀರ ಹಗುರವಾದ್ದರಿಂದ ಕೊಕ್ಕಿಗೆ ಸಿಕ್ಕಿ ಹೊರಗೆ ಉರುಳುತ್ತದೆ. ಮೂರನೆಯದಾಗಿ, ಕೋಳಿಗಳನ್ನು ಬೆಳಿಗ್ಗೆ ಸುಮಾರು ಹತ್ತು ಗಂಟೆಯವರೆಗೆ ಹೊರಗೆ ಬಿಡಬೇಡಿ. ಮೊಟ್ಟೆಗಳಲ್ಲಿ ಹೆಚ್ಚಿನವು ಬೆಳಗಾದ ಮೊದಲ ಕೆಲವು ಗಂಟೆಗಳಲ್ಲೇ ಬರುವುದರಿಂದ, ಆ ಹೊತ್ತಿನಲ್ಲಿ ಗೂಡಿನೊಳಗಿದ್ದ ಹೇಂಟೆಗೆ ಪೆಟ್ಟಿಗೆಯೊಂದೇ ಮರೆಯ ಜಾಗವಾಗಿ ಉಳಿಯುತ್ತದೆ. ಹಿತ್ತಿಲ ಪೊದೆಯಲ್ಲಿ ಕದ್ದು ಮೊಟ್ಟೆ ಇಡುವ ಕೋಳಿಗೂ ಇದೇ ಮದ್ದು. ಫಲ ಕಾಣಲು ಒಂದೆರಡು ವಾರ ಬೇಕು.

ಹೇಂಟೆ ನೆಲದ ಮೂಲೆಯಲ್ಲಿ ಕೂತದ್ದನ್ನು ಕಂಡಾಗ ಮೆಲ್ಲಗೆ ಎತ್ತಿ ಪೆಟ್ಟಿಗೆಯಲ್ಲಿ ಇಡಬಹುದೇ ಎಂದು ಕೆಲವರು ಕೇಳುತ್ತಾರೆ. ಸಾಧು ಕೋಳಿಯಾದರೆ ಇಡಬಹುದು. ಹೆದರುವ ಕೋಳಿಯನ್ನು ಹಾಗೆ ಎತ್ತಿಟ್ಟರೆ ಅದು ಪೆಟ್ಟಿಗೆಯನ್ನೇ ಹೆದರಿಕೆಯ ಜಾಗವೆಂದು ತಿಳಿಯುತ್ತದೆ, ಆಮೇಲೆ ಹುಸಿ ಮೊಟ್ಟೆಯೂ ಕೆಲಸ ಮಾಡುವುದಿಲ್ಲ.

ಸಮಯ ಸರಿಯಿದ್ದೂ ಪೆಟ್ಟಿಗೆ ಬೇಡವಾದರೆ

ಇಲ್ಲಿಂದ ಮುಂದೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮೂರು ನಾಲ್ಕು ದಿನ ಕಾಯಿರಿ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ.

ಹೇಂಟೆ ತಾನಾಗಿ ಆರಿಸಿಕೊಂಡ ಜಾಗದ ಬಳಿ ಕುಕ್ಕರುಗಾಲಿನಲ್ಲಿ ಕೂತು, ಕೋಳಿಯ ಕಣ್ಣಿನ ಎತ್ತರಕ್ಕೆ ತಲೆ ತಗ್ಗಿಸಿ ಸುತ್ತ ನೋಡಿ. ಅಲ್ಲಿ ಕತ್ತಲೆ ಇದೆಯೇ, ಎರಡು ಕಡೆ ಗೋಡೆ ಇದೆಯೇ, ಉಳಿದ ಕೋಳಿಗಳ ಓಡಾಟ ಕಡಿಮೆಯೇ, ಹಾಸು ಆಳವಾಗಿದೆಯೇ? ನಂತರ ಪೆಟ್ಟಿಗೆಯ ಮುಂದೆ ಹಾಗೆಯೇ ಕೂತು ಹೋಲಿಸಿ. ನೇರ ಬಿಸಿಲು ಬೀಳುವ ಕಿಟಕಿಯ ಎದುರು, ಅಥವಾ ಎಲ್ಲರೂ ನುಗ್ಗುವ ಬಾಗಿಲ ಪಕ್ಕ ಪೆಟ್ಟಿಗೆ ಇದ್ದರೆ ಅದನ್ನು ಯಾರೂ ಬಯಸುವುದಿಲ್ಲ. ಬಾಯಿಗೆ ಅರ್ಧ ಇಳಿಬಿಟ್ಟ ಗೋಣಿಚೀಲದ ತುಂಡೊಂದು ಬೆಳಕನ್ನು ತಡೆದು ಅನೇಕ ಸಲ ಸಮಸ್ಯೆಯನ್ನು ಅಲ್ಲಿಗೇ ಮುಗಿಸುತ್ತದೆ. ಅಳತೆಯ ವಿಷಯದಲ್ಲಿ ಹೇಳುವುದು ಕಡಿಮೆ: ಉದ್ದ, ಅಗಲ, ಎತ್ತರ ತಲಾ ಒಂದಡಿ, ಭಾರಿ ತಳಿಗೆ 14 ಅಂಗುಲ, ಹಾಸು ಚೆಲ್ಲದಂತೆ ಮುಂದೆ ನಾಲ್ಕು ಅಂಗುಲದ ಅಡ್ಡಪಟ್ಟಿ, ಒಳಗೆ ಮೂರು ಅಂಗುಲವಾದರೂ ಒಣಹುಲ್ಲು ಅಥವಾ ಮರ ಉಜ್ಜುವಾಗ ಬರುವ ಸುರುಳಿ ಸಿಪ್ಪೆ. ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ತಪ್ಪು. ಎರಡು ಕೋಳಿಗಳು ಒಟ್ಟಿಗೆ ನುಗ್ಗಿದರೆ ಮೊಟ್ಟೆ ಒಡೆಯುತ್ತದೆ.

ನಾಲ್ಕೈದು ಹೇಂಟೆಗಳಿಗೆ ಒಂದು ಪೆಟ್ಟಿಗೆ ಸಾಕು. ಮೂರು ಪೆಟ್ಟಿಗೆ ಇಟ್ಟರೂ ಎಲ್ಲವೂ ಒಂದರಲ್ಲೇ ಮೊಟ್ಟೆ ಇಡುವುದನ್ನು ಕಂಡು ಗಾಬರಿಪಡಬೇಕಾಗಿಲ್ಲ, ಅದು ಕೋಳಿಯ ಸ್ವಭಾವ. ಆದರೆ ಆ ಒಂದು ಪೆಟ್ಟಿಗೆಯ ಮುಂದೆ ಸರದಿ ನಿಂತು, ಕೊನೆಗೆ ನೆಲದಲ್ಲಿ ಇಡುವ ಹೇಂಟೆ ಯಾವುದೆಂದು ಗಮನಿಸಿ. ಪ್ರತಿದಿನವೂ ಅದೇ ಸೊರಗಿದ ಕೋಳಿಯಾದರೆ, ಮೇಲಿನವು ಅದನ್ನು ಕುಕ್ಕಿ ಓಡಿಸುತ್ತಿವೆ. ಗೂಡಿನ ಇನ್ನೊಂದು ಕೊನೆಯಲ್ಲಿ, ಮೊದಲನೆಯದರಿಂದ ಕಾಣದಂತೆ ಇನ್ನೊಂದು ಪೆಟ್ಟಿಗೆ ಇಡಿ. ದಿನವಿಡೀ ಒಂದೇ ಹೇಂಟೆ ಮೈ ಉಬ್ಬಿಸಿ ಕೂತು, ಕೈ ಹಾಕಿದರೆ ಗುರುಗುಟ್ಟಿ ಕುಕ್ಕುತ್ತಿದ್ದರೆ ಅದು ಕಾವಿಗೆ ಕೂತಿದೆ. ಮರಿ ಬೇಕಿದ್ದರೆ ಫಲವಂತ ಮೊಟ್ಟೆ ಕೊಟ್ಟು 21 ದಿನ ಬೇರೆ ಜಾಗದಲ್ಲಿ ಕೂರಿಸಿ. ಬೇಡವಾದರೆ ತಳದಲ್ಲಿ ತಂತಿಬಲೆ ಇರುವ, ಹಾಸಿಲ್ಲದ ಪಂಜರದಲ್ಲಿ ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇರಿಸಿದರೆ ಹೊಟ್ಟೆಯಡಿಯ ಬಿಸಿ ಇಳಿದು ಸಾಮಾನ್ಯವಾಗಿ ಕಾವು ಬಿಡುತ್ತದೆ.

ವಾರಗಟ್ಟಲೆ ಪೆಟ್ಟಿಗೆಯಲ್ಲೇ ಇಡುತ್ತಿದ್ದ ಕೋಳಿಗಳು ಒಮ್ಮೆಗೇ ಅದನ್ನು ಬಿಟ್ಟರೆ ಮೊದಲ ಅನುಮಾನ ಕೆಂಪು ನುಸಿಯ ಮೇಲಿರಲಿ. ಈ ನುಸಿ ಹಗಲು ಕೋಳಿಯ ಮೈಮೇಲೆ ಇರುವುದಿಲ್ಲ. ಹಲಗೆಯ ಸಂದಿಗಳಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರಲು ಬರುತ್ತದೆ, ಆದ್ದರಿಂದ ಹಗಲಿನ ತಪಾಸಣೆಯಲ್ಲಿ ಗೂಡು ಚೊಕ್ಕಟವಾಗಿಯೇ ಕಾಣುತ್ತದೆ. ರಾತ್ರಿ ಒಂಬತ್ತರ ಮೇಲೆ ಬಿಳಿ ಕಾಗದದ ಹಾಳೆಯನ್ನು ಮಡಿಸಿ ಪೆಟ್ಟಿಗೆಯ ಕೀಲಿನ ಸಂದಿಯಲ್ಲಿ ಎಳೆದು, ಟಾರ್ಚಿನ ಬೆಳಕಿನಲ್ಲಿ ನೋಡಿ. ಸಿಗರೇಟಿನ ಬೂದಿಯಂತಹ ಪುಡಿಯ ನಡುವೆ ಸಾಸಿವೆಗಿಂತ ಚಿಕ್ಕ ಚುಕ್ಕೆಗಳು ಹರಿದಾಡುತ್ತವೆ. ಬೆರಳಿನಿಂದ ಒರೆಸಿದರೆ ಕಾಗದದ ಮೇಲೆ ಕೆಂಪು ಗೀರು ಮೂಡುತ್ತದೆ. ಮೂಡಿದರೆ ಹಾಸನ್ನೆಲ್ಲ ಹೊರತೆಗೆದು ಸುಟ್ಟು, ಪೆಟ್ಟಿಗೆಯನ್ನು ಬಿಚ್ಚಿ ಕುದಿಯುವ ಸೋಪುನೀರಿನಲ್ಲಿ ಸಂದಿಸಂದಿಯನ್ನೂ ತಿಕ್ಕಿ, ಬಿಸಿಲಿಗೆ ಹಾಕಿ. ಒಂದು ವಾರಕ್ಕೆ ಸರಿಯಾಗಿ ಇದನ್ನೇ ಮತ್ತೆ ಮಾಡಬೇಕು, ಏಕೆಂದರೆ ಉಳಿದ ತತ್ತಿಗಳು ಅಷ್ಟರಲ್ಲಿ ಒಡೆದಿರುತ್ತವೆ. ಹಸಿದ ನುಸಿ ಖಾಲಿ ಗೂಡಿನಲ್ಲೂ ತಿಂಗಳುಗಟ್ಟಲೆ ಬದುಕಬಲ್ಲದು.

ಮೊಟ್ಟೆಯೇ ಕಾಣದಿದ್ದರೆ ಹಾಸನ್ನು ಮುಟ್ಟಿ ನೋಡಿ. ಒಂದು ಕಡೆ ಹುಲ್ಲು ಅಂಟಂಟಾಗಿ ಗಂಟುಕಟ್ಟಿದ್ದು, ಯಾವುದಾದರೂ ಕೊಕ್ಕಿನ ಮೇಲೆ ಹಳದಿ ಒಣಗಿದ್ದರೆ ಕೋಳಿಯೇ ಮೊಟ್ಟೆ ಕುಡಿಯುತ್ತಿದೆ. ಈ ಚಟ ಬಹುತೇಕ ತೆಳುಚಿಪ್ಪಿನ ಮೊಟ್ಟೆಯೊಂದು ತಾನಾಗಿ ಒಡೆದಾಗ ಅಂಟುತ್ತದೆ. ಮೊಟ್ಟೆಯ ಕೋಳಿಯ ಮೇವಿನಲ್ಲಿ ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಬೇಕು, ಬೆಳೆಯುವ ಕೋಳಿಯ ಮೇವಿನಲ್ಲಿ ಇರುವುದು ಶೇಕಡಾ 1ರ ಆಸುಪಾಸು. ಹೀಗಾಗಿ ಪೆಟ್ಟಿಗೆ ಇಡುವ ಹೊತ್ತಿಗೆ ಕಪ್ಪೆಚಿಪ್ಪಿನ ಚೂರುಗಳನ್ನು ಬೇರೆ ಬಟ್ಟಲಿನಲ್ಲಿ ಇಡುವುದು, ಮೊದಲ ಮೊಟ್ಟೆಯ ಹೊತ್ತಿಗೆ ಮೊಟ್ಟೆ ಕೋಳಿಯ ಮೇವಿಗೆ ಬದಲಾಯಿಸುವುದು ಸರಿಯಾದ ಕ್ರಮ. ಎಳೆಯ ಮರಿಗಳಿಗೇ ಅದನ್ನು ತಿನ್ನಿಸಿದರೆ ಹೆಚ್ಚಿನ ಸುಣ್ಣದಿಂದ ಮೂತ್ರಪಿಂಡ ಕೆಡುತ್ತದೆ. ಹಾಸು ಒಣಗಿದ್ದೂ ಚಿಪ್ಪಿನ ಚೂರೂ ಸಿಗದಿದ್ದರೆ ಹಾವೋ ಇಲಿಯೋ ಇಡಿಯಾಗಿ ಒಯ್ದಿರಬಹುದು. ಇನ್ನು ಗೂಡಿನ ತುಂಬ ಪುಕ್ಕ ಉದುರಿ ಬಿದ್ದಿದ್ದರೆ ಕೋಳಿಗಳು ಗರಿ ಬದಲಿಸುತ್ತಿವೆ, ಆ ಕಾಲದಲ್ಲಿ ಮೊಟ್ಟೆ ನಿಲ್ಲುವುದು ಸಹಜ.

ಹಠಮಾರಿ ಹೇಂಟೆ

ಇಷ್ಟೆಲ್ಲ ಆದ ಮೇಲೂ ನೆಲದ ಮೂಲೆಯನ್ನು ಬಿಡದ ಒಂದು ಹೇಂಟೆ ಪ್ರತಿ ಹಿಂಡಿನಲ್ಲೂ ಇರುತ್ತದೆ. ನನ್ನಲ್ಲಿದ್ದದ್ದು ಕಲ್ಲು ಇಟ್ಟರೆ ಕಲ್ಲಿನ ಪಕ್ಕದಲ್ಲಿ, ಬುಟ್ಟಿ ಇಟ್ಟರೆ ಬುಟ್ಟಿಯ ಹಿಂದೆ ಮೊಟ್ಟೆ ಇಡುತ್ತಿತ್ತು. ಕೊನೆಗೆ ಪೆಟ್ಟಿಗೆಯನ್ನೇ ಅದರ ಮೂಲೆಗೆ ಒಯ್ದು, ನೆಲದ ಮೇಲೆ, ಅದು ಕೆದಕಿದ ಗುಳಿಯ ಮೇಲೆಯೇ ಇಟ್ಟೆ. ಮೂರನೆಯ ದಿನ ಒಳಗೆ ಹೋಯಿತು. ವಾರ ಕಳೆದ ಮೇಲೆ ಪೆಟ್ಟಿಗೆಯ ಕೆಳಗೆ ಒಂದು ಇಟ್ಟಿಗೆ ಸೇರಿಸಿದೆ, ಇನ್ನು ನಾಲ್ಕು ದಿನಕ್ಕೆ ಎರಡನೆಯದು, ಆಮೇಲೆ ಮೂರನೆಯದು. ನಾಲ್ಕನೆಯ ಇಟ್ಟಿಗೆಗೆ ಅದು ಮತ್ತೆ ನೆಲಕ್ಕಿಳಿಯಿತು. ಒಂದು ಇಟ್ಟಿಗೆ ತೆಗೆದೆ. ಆ ಪೆಟ್ಟಿಗೆ ಈಗಲೂ ಮೂರು ಇಟ್ಟಿಗೆಗಳ ಮೇಲೆಯೇ ಇದೆ.